ಕಂತು ಮುಗಿದ ಮೇಲೆ ಆರಂಭವಾಗುವ ಪಾಠ

ಬನದ ಹುಣ್ಣಿಮೆಯ ದಿನ ಚೊಳಚಗುಡ್ಡದ ಬನಶಂಕರಿದೇವಿಯ ತೇರು ಎಳೆದರೆ ಜಾತ್ರೆ ಮುಗಿಯಿತೆಂದು ಯಾರೂ ತಿಳಿಯುವುದಿಲ್ಲ. ಮುಂದೆ ಹಲವು ವಾರ ಅದು ನಡೆದೇ ಇರುತ್ತದೆ. ಒಂದು ಕಡೆ ಮನೆ ಕಟ್ಟುವವರು ಬಾಗಿಲ ಚೌಕಟ್ಟು ಆರಿಸುತ್ತಿದ್ದರೆ, ಇನ್ನೊಂದು ಕಡೆ ನಾಟಕ ಕಂಪನಿಗಳ ಥೇಟರುಗಳಲ್ಲಿ ರಾತ್ರಿಯೆಲ್ಲ ದೀಪ. ಒಂದೇ ನಾಟಕವನ್ನು ನಾಲ್ಕು ಸಲ ನೋಡಿದವರು ಅಲ್ಲಿ ಸಿಗುತ್ತಾರೆ. ಮುಂದಿನ ಮಾತು ಯಾವುದೆಂದು ಅವರಿಗೆ ಬಾಯಿಪಾಠ. ಆದರೂ ಆ ಮಾತು ಬಂದಾಗ ಮೊದಲ ಸಲ ಕೇಳಿದಂತೆ ಸೀಟಿ ಹೊಡೆಯುತ್ತಾರೆ, 'ಒನ್ಸ್ ಮೋರ್' ಎನ್ನುತ್ತಾರೆ. ಬೆಳಗಾದ ಮೇಲೆ ಹೊಂಡದ ಕಟ್ಟೆಯ ಮೇಲೆ ಕುಳಿತು ರೊಟ್ಟಿ, ಕೆಂಪು ಚಟ್ನಿ, ಮೊಸರು ಉಣ್ಣುತ್ತ ಹೋದ ವರ್ಷದ ನಾಯಕನಿಗಿಂತ ಈ ವರ್ಷದವನು ಮೇಲೋ ಕೆಳಗೋ ಎಂದು ವಾದಿಸುತ್ತಾರೆ.

ಇಂಥವರನ್ನು ನಾವು ರಸಿಕರು ಎಂದು ಕರೆಯುತ್ತೇವೆ. ಆದರೆ ಮನೆಯ ಮಗ ಆಕಾಶನೌಕೆಯ ಧಾರಾವಾಹಿಯ ಒಂದೇ ಕಂತನ್ನು ಮೂರನೆಯ ಸಲ ನೋಡಿದರೆ ಅವನಿಗೆ ಸಿಗುವ ಬಿರುದು ಬೇರೆ: 'ಟೀವಿ ಹುಚ್ಚ', ಈಗಿನ ಕಾಲದಲ್ಲಿ 'ಮೊಬೈಲ್ ಹುಚ್ಚ'. ಪಾಲಕರ ಸಭೆಯಲ್ಲಿ ವಿಜ್ಞಾನ ಶಿಕ್ಷಕರ ಮುಂದೆ ಬರುವ ದೂರುಗಳಲ್ಲಿ ಇದೂ ಒಂದು. ದೂರು ಪೂರ್ತಿ ಸುಳ್ಳಲ್ಲ. ಆದರೆ ಹುಚ್ಚಿನಲ್ಲೂ ಎರಡು ಬಗೆ ಇವೆ. ಒಬ್ಬನೇ ಮೂಲೆಯಲ್ಲಿ ಕುಳಿತು ನೋಡಿ ಮರೆಯುವುದು ಒಂದು ಬಗೆ. ನೋಡಿದ್ದನ್ನು ನಾಲ್ಕು ಜನರ ನಡುವೆ ಇಟ್ಟು ಮಾತಾಡಿ, ಜಗಳಾಡಿ, ಪ್ರಶ್ನೆ ಕೇಳುವುದು ಇನ್ನೊಂದು ಬಗೆ. ಈ ಎರಡನೆಯ ಬಗೆಯ ಅಭಿಮಾನಿಗಳು ಜಗತ್ತಿನಲ್ಲಿ ಏನೆಲ್ಲ ಮಾಡಿದ್ದಾರೆಂಬುದನ್ನು ವಿದ್ಯಾರ್ಥಿಗಳೂ ಅವರ ಪಾಲಕರೂ ತಿಳಿಯುವುದು ಒಳ್ಳೆಯದು.

ಕಥೆಗಾರನ ಕಲ್ಪನೆ, ನಮ್ಮ ಜಿಲ್ಲೆಯ ಟೀವಿ

ಮೊದಲು ನಮ್ಮ ಭಾಗಕ್ಕೆ ಟೀವಿ ಬಂದ ಬಗೆಯನ್ನೇ ನೋಡೋಣ. 1945ರಲ್ಲಿ ಇಂಗ್ಲೆಂಡಿನ ಆರ್ಥರ್ ಸಿ. ಕ್ಲಾರ್ಕ್ ಎಂಬ ಯುವಕ ರೇಡಿಯೊ ತಂತ್ರಜ್ಞಾನದ ಪತ್ರಿಕೆಯೊಂದರಲ್ಲಿ ಒಂದು ಲೇಖನ ಬರೆದ. ಸಮಭಾಜಕ ವೃತ್ತದ ಮೇಲೆ, ಸುಮಾರು 36 ಸಾವಿರ ಕಿ.ಮೀ. ಎತ್ತರದಲ್ಲಿ ಉಪಗ್ರಹವನ್ನು ಇಟ್ಟರೆ ಅದು ಭೂಮಿಯ ಜೊತೆಗೇ 24 ಗಂಟೆಗೊಮ್ಮೆ ಸುತ್ತುತ್ತದೆ, ಕೆಳಗಿನಿಂದ ನೋಡುವವರಿಗೆ ನಿಂತಲ್ಲೇ ನಿಂತಂತೆ ಕಾಣುತ್ತದೆ, ಅಂಥ ಮೂರು ಉಪಗ್ರಹಗಳಿದ್ದರೆ ಜಗತ್ತಿನ ಬಹುಭಾಗಕ್ಕೆಲ್ಲ ಸುದ್ದಿ ಕಳಿಸಬಹುದು ಎಂಬುದು ಅವನ ವಾದ. ಆಗಿನ್ನೂ ಒಂದು ಉಪಗ್ರಹವೂ ಹಾರಿರಲಿಲ್ಲ. ಮುಂದೆ ಈತನೇ ಜಗತ್ಪ್ರಸಿದ್ಧ ವೈಜ್ಞಾನಿಕ ಕಥೆಗಾರನಾದ.

ಮೂವತ್ತು ವರ್ಷಗಳ ನಂತರ, 1975ರ ಆಗಸ್ಟ್ 1ರಂದು, ಅಂಥದೇ ಕಕ್ಷೆಯಲ್ಲಿದ್ದ ಅಮೆರಿಕದ ಎಟಿಎಸ್-6 ಉಪಗ್ರಹದಿಂದ ಭಾರತದ ಹಳ್ಳಿಗಳಿಗೆ ನೇರವಾಗಿ ಟೀವಿ ಪ್ರಸಾರ ಆರಂಭವಾಯಿತು. ಇಸ್ರೊ ಮತ್ತು ನಾಸಾ ಸೇರಿ ನಡೆಸಿದ ಈ ಒಂದು ವರ್ಷದ ಪ್ರಯೋಗಕ್ಕೆ 'ಸೈಟ್' ಎಂದು ಹೆಸರು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು ಆಯ್ಕೆಯಾದವು. ಕರ್ನಾಟಕದಲ್ಲಿ ಆಯ್ಕೆಯಾದ ಜಿಲ್ಲೆಗಳು ಮೂರು: ಗುಲ್ಬರ್ಗ, ರಾಯಚೂರು ಮತ್ತು ನಮ್ಮ ವಿಜಾಪುರ. ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಆಗ ಬಾದಾಮಿ, ಹುನಗುಂದ ಎಲ್ಲವೂ ವಿಜಾಪುರ ಜಿಲ್ಲೆಯಲ್ಲೇ ಇದ್ದವು. ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದದ್ದು 1981ರಲ್ಲಿ. ಅದಕ್ಕೂ ಆರು ವರ್ಷ ಮೊದಲೇ ಈ ಸೀಮೆಯ ಆಯ್ದ ಹಳ್ಳಿಗಳಲ್ಲಿ ಕೋಳಿಗೂಡಿಗೆ ಹಾಕುವಂಥ ತಂತಿ ಜಾಲರಿಯಿಂದ ಮಾಡಿದ ಹತ್ತು ಅಡಿ ಅಗಲದ ಆಂಟೆನಾಗಳು ಆಕಾಶದ ಕಡೆ ಮುಖ ಮಾಡಿ ನಿಂತಿದ್ದವು. ಬೆಳಿಗ್ಗೆ ಶಾಲಾ ಮಕ್ಕಳಿಗೆ, ಸಂಜೆ ಊರವರಿಗೆ ಕಾರ್ಯಕ್ರಮ. ಆಗ ಶ್ರೀಲಂಕಾದಲ್ಲಿ ನೆಲೆಸಿದ್ದ ಕ್ಲಾರ್ಕ್‌ನ ಕೊಲಂಬೊ ಮನೆಗೂ ಇಸ್ರೊ ಎಂಜಿನಿಯರುಗಳು ಇಂಥದೇ ಒಂದು ಆಂಟೆನಾ ಕೂರಿಸಿಕೊಟ್ಟರು. ತಾನು ಕಂಡ ಕನಸನ್ನು ಆತ ತನ್ನ ಮನೆಯಲ್ಲೇ ಕುಳಿತು ನೋಡಿದ.

ಕಲ್ಪನೆಗೂ ವಿಜ್ಞಾನಕ್ಕೂ ಇರುವ ನಂಟು ಇಂಥದು. ಆ ನಂಟಿನ ಫಲವನ್ನು ಮೊದಲು ಉಂಡವರಲ್ಲಿ ನಮ್ಮ ಜಿಲ್ಲೆಯ ಹಳ್ಳಿಗರೂ ಇದ್ದರು.

ಓಣಿಗೊಂದು ಟೀವಿ, ಭಾನುವಾರದ ನೌಕೆ

1984ರ ಸುಮಾರಿಗೆ ಸರಕಾರ ಊರೂರಿಗೆ ಸಣ್ಣ ಮರುಪ್ರಸಾರ ಕೇಂದ್ರಗಳನ್ನು ಸ್ಥಾಪಿಸತೊಡಗಿದ ಮೇಲೆ ಟೀವಿ ಮನೆಗಳಿಗೆ ಬಂತು. ಆದರೆ ಓಣಿಗೆ ಒಂದೋ ಎರಡೋ. ಮಾಳಿಗೆಯ ಮೇಲೆ ಮೀನಿನ ಎಲುಬಿನಂಥ ಆಂಟೆನಾ. ಚಿತ್ರ ಮಸುಕಾದರೆ ಒಬ್ಬ ಮೇಲೆ ಹತ್ತಿ ಅದನ್ನು ತಿರುಗಿಸಬೇಕು. ಕೆಳಗಿನವರು 'ಬಂತು, ಬಂತು... ಮತ್ತ ಹೋತು' ಎಂದು ಕೂಗಬೇಕು. ಅಂಥ ಕಾಲದಲ್ಲಿ ದೂರದರ್ಶನದ ಭಾನುವಾರದ ಬೆಳಗಿನ ಕಾರ್ಯಕ್ರಮಗಳಲ್ಲಿ ಒಂದು ಅಮೆರಿಕದ 'ಸ್ಟಾರ್ ಟ್ರೆಕ್'. ಎಂಟರ್‌ಪ್ರೈಸ್ ಎಂಬ ಅಂತರಿಕ್ಷ ನೌಕೆ. ಅದರ ಕ್ಯಾಪ್ಟನ್ ಕರ್ಕ್. ಚೂಪು ಕಿವಿಯ, ಎಂದೂ ಸಿಟ್ಟಿಗೇಳದ, ತರ್ಕ ಬಿಟ್ಟು ಮಾತಾಡದ ಸ್ಪಾಕ್. ಅದೇ ದಶಕದಲ್ಲಿ ಕಾರ್ಲ್ ಸಗಾನ್ ಅವರ 'ಕಾಸ್ಮೊಸ್' ಸರಣಿಯನ್ನೂ ದೂರದರ್ಶನ ತೋರಿಸಿತು. ಒಂದು ಕಥೆ, ಇನ್ನೊಂದು ನಿಜವಾದ ಖಗೋಳ ವಿಜ್ಞಾನ. ಎರಡನ್ನೂ ಒಂದೇ ಉಸಿರಿನಲ್ಲಿ ನುಂಗಿದ ತಲೆಮಾರು ಅದು.

ಕನ್ನಡ ಮಾಧ್ಯಮದ ಹುಡುಗರಿಗೆ ಸ್ಟಾರ್ ಟ್ರೆಕ್‌ನ ಇಂಗ್ಲಿಷು ಕಾಲುಭಾಗವೂ ತಿಳಿಯುತ್ತಿರಲಿಲ್ಲ. ಅದರಿಂದ ಒಂದು ಲಾಭವೇ ಆಯಿತು. ಸೋಮವಾರ ಶಾಲೆಯ ಗಂಟೆ ಹೊಡೆಯುವ ಮೊದಲು ಕಥೆ ಏನೆಂಬುದನ್ನು ಎಲ್ಲರೂ ಸೇರಿ ಕಟ್ಟಬೇಕಾಗುತ್ತಿತ್ತು. ಸ್ಪಾಕ್ ಯಾಕೆ ಹಾಗೆ ಹೇಳಿದ, ಮನುಷ್ಯರು ಕಂಬದಂಥ ಬೆಳಕಿನಲ್ಲಿ ನಿಂತು ಮಾಯವಾಗಿ ಬೇರೆ ಗ್ರಹದ ಮೇಲೆ ಹೇಗೆ ಕಾಣಿಸಿಕೊಂಡರು, ಅಲ್ಲಿ ಉಸಿರಾಡುವ ಗಾಳಿ ಇತ್ತೋ ಇಲ್ಲವೋ—ಒಬ್ಬೊಬ್ಬನದು ಒಂದೊಂದು ವಾದ. ಉತ್ತರ ಸಿಗದಿದ್ದರೆ ಗುರುಗಳನ್ನು ಕೇಳಬೇಕು. ಗುರುಗಳಿಗೂ ಗೊತ್ತಿಲ್ಲದಿದ್ದರೆ ಗ್ರಂಥಾಲಯ. ಅಭಿಮಾನಿ ಸಂಘ ಎಂಬ ಹೆಸರು ಯಾರೂ ಇಟ್ಟಿರಲಿಲ್ಲ. ಕೆಲಸ ಮಾತ್ರ ಅದೇ.

ಪತ್ರ ಬರೆದು ಉಳಿಸಿಕೊಂಡ ಧಾರಾವಾಹಿ

ಸ್ಟಾರ್ ಟ್ರೆಕ್ ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ ಆರಂಭವಾದದ್ದು 1966ರ ಸೆಪ್ಟೆಂಬರ್ 8ರಂದು. ಅದನ್ನು ರೂಪಿಸಿದವನು ಜೀನ್ ರಾಡನ್‌ಬೆರಿ. ಎರಡು ವರ್ಷಕ್ಕೇ ನಿಲ್ಲಿಸುತ್ತಾರೆಂಬ ಸುದ್ದಿ ಹಬ್ಬಿತು. ಆಗ ಬಿಜೊ ಟ್ರಿಂಬಲ್ ಎಂಬ ಮಹಿಳೆ ಮತ್ತು ಆಕೆಯ ಪತಿ ಜಾನ್ ಅಭಿಮಾನಿಗಳಿಂದ ಪತ್ರ ಬರೆಸುವ ಚಳವಳಿ ಹೂಡಿದರು. ಒಬ್ಬ ಅಭಿಮಾನಿ ಹತ್ತು ಜನರಿಗೆ ಹೇಳಬೇಕು, ಆ ಹತ್ತು ಜನ ಮತ್ತೆ ಹತ್ತು ಜನರಿಗೆ. ಬರೆಯುವುದು ಸಭ್ಯವಾಗಿರಬೇಕು, ಪ್ರತಿ ಪತ್ರವೂ ಸ್ವಂತ ಮಾತಿನದಾಗಿರಬೇಕು. ವಾಹಿನಿಯ ಕಚೇರಿಗೆ ಬಂದ ಪತ್ರಗಳ ಸಂಖ್ಯೆ ಲಕ್ಷವನ್ನು ಮೀರಿತು. 1968ರ ಮಾರ್ಚ್ 1ರಂದು ಒಂದು ಕಂತು ಮುಗಿದ ಕೂಡಲೇ ವಾಹಿನಿಯು ಧಾರಾವಾಹಿ ಮುಂದುವರಿಯುತ್ತದೆ ಎಂದು ತೆರೆಯ ಮೇಲೆಯೇ ಘೋಷಿಸಬೇಕಾಯಿತು.

ಆದರೂ 1969ರ ಜೂನ್ 3ರಂದು, 79 ಕಂತುಗಳಿಗೆ, ಮೊದಲ ಸ್ಟಾರ್ ಟ್ರೆಕ್ ನಿಂತಿತು. ಇನ್ನು ನಲವತ್ತೇಳು ದಿನ ಕಳೆದರೆ ನಿಜವಾದ ಮನುಷ್ಯರು ಚಂದ್ರನ ಮೇಲೆ ಕಾಲಿಡುವವರಿದ್ದರು! ಹಳೆಯ ಕಂತುಗಳು ಊರೂರ ಕೇಂದ್ರಗಳಿಂದ ಮತ್ತೆ ಮತ್ತೆ ಪ್ರಸಾರವಾದಂತೆ ಅಭಿಮಾನಿಗಳು ಹೆಚ್ಚಿದರು. ಅವರು ತಮ್ಮದೇ ಪತ್ರಿಕೆಗಳನ್ನು ತಂದರು, ಸಮ್ಮೇಳನ ಸೇರಿದರು. 1976ರಲ್ಲಿ ನಾಸಾ ತನ್ನ ಮೊದಲ ಅಂತರಿಕ್ಷ ಷಟಲಿಗೆ 'ಕಾನ್ಸ್‌ಟಿಟ್ಯೂಷನ್' ಎಂದು ಹೆಸರಿಡಲು ಹೊರಟಿತ್ತು. ಅಭಿಮಾನಿಗಳು ಈ ಸಲ ನೇರವಾಗಿ ಶ್ವೇತಭವನಕ್ಕೇ ಪತ್ರ ಬರೆದರು. ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಕಾಲದಲ್ಲಿ ಆ ಷಟಲಿಗೆ 'ಎಂಟರ್‌ಪ್ರೈಸ್' ಎಂದೇ ಹೆಸರಾಯಿತು. ಅದನ್ನು ಹೊರತಂದ ದಿನ ಧಾರಾವಾಹಿಯ ನಟರೂ ಅತಿಥಿಗಳಾಗಿ ನಿಂತಿದ್ದರು. ಒಂದು ತಮಾಷೆಯೂ ಇದೆ: ಎಂಟರ್‌ಪ್ರೈಸ್ ಇಳಿಯುವ ಪರೀಕ್ಷೆಗಳಿಗೆ ಬಳಕೆಯಾದ ನೌಕೆ. ಅದು ಅಂತರಿಕ್ಷಕ್ಕೆ ಒಮ್ಮೆಯೂ ಹೋಗಲಿಲ್ಲ!

1979ರಿಂದ ಚಲನಚಿತ್ರಗಳು, 1987ರಿಂದ ಹೊಸ ಧಾರಾವಾಹಿಗಳು ಬಂದವು. 1979ರ ಮೊದಲ ಚಿತ್ರದ ಮುಖ್ಯ ಪಾತ್ರವೊಂದರಲ್ಲಿ ತಲೆ ಬೋಳಿಸಿಕೊಂಡು ನಟಿಸಿದವರು ಮುಂಬಯಿಯ ಪರ್ಸಿಸ್ ಖಂಬಾಟಾ.

ವಿಜ್ಞಾನ ಮಾಸ್ತರರು ನಾಯಕರಾದಾಗ

ಸ್ಟಾರ್ ಟ್ರೆಕ್‌ಗಿಂತ ಹಿರಿಯದು ಬ್ರಿಟನ್ನಿನ ಬಿಬಿಸಿಯ 'ಡಾಕ್ಟರ್ ಹೂ'. ಮೊದಲ ಕಂತು ಬಂದದ್ದು 1963ರ ನವೆಂಬರ್ 23ರಂದು. ಅದನ್ನು ನಿರ್ದೇಶಿಸಿದವರು ವಾರಿಸ್ ಹುಸೇನ್, ಹುಟ್ಟಿದ್ದು ನಮ್ಮ ಲಖನೌದಲ್ಲಿ. ಕಾಲದಲ್ಲಿ ಹಿಂದೆ ಮುಂದೆ ಓಡಾಡುವ ಒಬ್ಬ ವಿಚಿತ್ರ ಮುದುಕನ ಜೊತೆ ಇಬ್ಬರು ಶಾಲಾ ಶಿಕ್ಷಕರು ಸಿಕ್ಕಿಬೀಳುತ್ತಾರೆ. ಒಬ್ಬರು ವಿಜ್ಞಾನದ ಮಾಸ್ತರು, ಇನ್ನೊಬ್ಬರು ಇತಿಹಾಸದ ಬಾಯಿ. ಭವಿಷ್ಯಕ್ಕೆ ಹೋದಾಗ ವಿಜ್ಞಾನ, ಭೂತಕಾಲಕ್ಕೆ ಹೋದಾಗ ಇತಿಹಾಸ: ಮಕ್ಕಳಿಗೆ ಎರಡನ್ನೂ ಕಲಿಸಬೇಕೆಂಬುದು ಬಿಬಿಸಿಯ ಮೂಲ ಯೋಜನೆ. ಮುಂದೆ ರಾಕ್ಷಸ ಯಂತ್ರಗಳೇ ಹೆಚ್ಚು ಜನಪ್ರಿಯವಾದವು ಎನ್ನುವುದು ಬೇರೆ ಮಾತು. ಧಾರಾವಾಹಿ 1989ರವರೆಗೆ ನಡೆದು ನಿಂತು, 2005ರಲ್ಲಿ ಮತ್ತೆ ಎದ್ದಿತು.

ಇದರ ಅಭಿಮಾನಿಗಳು ಮಾಡಿದ ಒಂದು ಕೆಲಸ ಪಾಠ ಮಾಡುವಂಥದು. ಆ ಕಾಲದಲ್ಲಿ ಟೇಪುಗಳು ದುಬಾರಿ. ಒಮ್ಮೆ ಪ್ರಸಾರವಾದ ಕಾರ್ಯಕ್ರಮವನ್ನು ಅಳಿಸಿ ಅದೇ ಟೇಪನ್ನು ಮತ್ತೆ ಬಳಸುವ ಪದ್ಧತಿ ಇತ್ತು. ಹೀಗೆ 1960ರ ದಶಕದ ಹಲವಾರು ಕಂತುಗಳ ಚಿತ್ರ ಕಳೆದೇಹೋಯಿತು. ಆದರೆ ಅವುಗಳಲ್ಲಿ ಒಂದರ ಧ್ವನಿಯೂ ಕಳೆದಿಲ್ಲ! ಕಾರಣ, ಆಗಿನ ಶಾಲಾ ವಯಸ್ಸಿನ ಕೆಲವು ಹುಡುಗರು ಟೀವಿಯ ಮುಂದೆ ಟೇಪ್‌ರೆಕಾರ್ಡರ್ ಇಟ್ಟು, ಮನೆಯವರಿಗೆಲ್ಲ ಸುಮ್ಮನಿರಲು ಹೇಳಿ, ವಾರವಾರ ಧ್ವನಿ ಮುದ್ರಿಸಿಕೊಂಡಿದ್ದರು. ದೊಡ್ಡ ಸಂಸ್ಥೆ ಬೇಡವೆಂದು ಅಳಿಸಿದ್ದನ್ನು ಮಕ್ಕಳ ಪ್ರೀತಿ ಕಾಪಾಡಿತು. ದಾಖಲೆ ಇಡುವುದು ವಿಜ್ಞಾನದ ಮೊದಲ ಅಭ್ಯಾಸ. ಪ್ರಯೋಗದ ವಹಿಯನ್ನು ಕೊನೆಯ ವಾರ ಬೇರೆಯವರದು ನೋಡಿ ಬರೆಯುವ ನಮ್ಮ ವಿದ್ಯಾರ್ಥಿಗಳು ಈ ಹುಡುಗರನ್ನು ನೆನೆಯಬೇಕು.

ತೆರೆಯಿಂದ ಕಕ್ಷೆಗೆ

ಸ್ಟಾರ್ ಟ್ರೆಕ್ ನೌಕೆಯಲ್ಲಿ ಸಂಪರ್ಕಾಧಿಕಾರಿ ಉಹುರಾ ಎಂಬ ಕಪ್ಪು ಮಹಿಳೆ. ಆ ಪಾತ್ರ ಮಾಡಿದ ನಿಷೆಲ್ ನಿಕೋಲ್ಸ್ ಮೊದಲ ವರ್ಷದ ನಂತರ ಬಿಡಲು ನಿರ್ಧರಿಸಿದ್ದರು. 'ಬಿಡಬೇಡಿ, ನಮ್ಮ ಮಕ್ಕಳು ನಿಮ್ಮನ್ನು ನೋಡುತ್ತಿದ್ದಾರೆ' ಎಂಬ ಅರ್ಥದ ಮಾತು ಹೇಳಿ ತಡೆದವರು ಮಾರ್ಟಿನ್ ಲೂಥರ್ ಕಿಂಗ್ ಎಂದು ಆಕೆ ಹಲವು ಸಲ ನೆನೆದಿದ್ದಾರೆ. 1977ರಲ್ಲಿ ನಾಸಾ, ಮಹಿಳೆಯರೂ ಕರಿಯ ಜನಾಂಗದವರೂ ಗಗನಯಾತ್ರಿಗಳಾಗಲು ಅರ್ಜಿ ಹಾಕುವಂತೆ ಪ್ರಚಾರ ಮಾಡಲು ಈಕೆಯ ನೆರವನ್ನೇ ಪಡೆಯಿತು. ಬಾಲ್ಯದಲ್ಲಿ ಉಹುರಾಳನ್ನು ನೋಡಿ ಬೆಳೆದ ಡಾ. ಮೇ ಜೆಮಿಸನ್ 1992ರ ಸೆಪ್ಟೆಂಬರಿನಲ್ಲಿ ಅಂತರಿಕ್ಷಕ್ಕೆ ಹೋದ ಮೊದಲ ಆಫ್ರಿಕನ್ ಅಮೆರಿಕನ್ ಮಹಿಳೆಯಾದರು. ಮರುವರ್ಷ ಸ್ಟಾರ್ ಟ್ರೆಕ್‌ನ ಒಂದು ಕಂತಿನಲ್ಲಿ ಚಿಕ್ಕ ಪಾತ್ರವನ್ನೂ ಮಾಡಿದರು.

ಆದರೆ ಅಭಿಮಾನಿಗಳು ಹೇಳುವುದನ್ನೆಲ್ಲ ಕಣ್ಣು ಮುಚ್ಚಿ ನಂಬಬಾರದು. 'ಮೊಬೈಲ್ ಫೋನ್ ಹುಟ್ಟಿದ್ದೇ ಸ್ಟಾರ್ ಟ್ರೆಕ್‌ನ ಮಡಚುವ ಸಂಪರ್ಕ ಯಂತ್ರ ನೋಡಿ' ಎಂಬ ಮಾತು ಬಹಳ ಪ್ರಚಾರದಲ್ಲಿದೆ. 1973ರ ಏಪ್ರಿಲ್ 3ರಂದು ಕೈಯಲ್ಲಿ ಹಿಡಿಯುವ ಮೊಬೈಲಿನಿಂದ ಮೊದಲ ಕರೆ ಮಾಡಿದ ಮೋಟೊರೊಲಾದ ಮಾರ್ಟಿನ್ ಕೂಪರ್ ಮಾತ್ರ, ತನ್ನ ಮನಸ್ಸಿನಲ್ಲಿದ್ದದ್ದು ಅದಕ್ಕೂ ಹಳೆಯ 'ಡಿಕ್ ಟ್ರೇಸಿ' ಎಂಬ ಚಿತ್ರಕಥೆಯ ಪತ್ತೇದಾರನ ಕೈಗಡಿಯಾರ ರೇಡಿಯೊ ಎಂದು ಆಮೇಲೆ ಸ್ಪಷ್ಟಪಡಿಸಿದ್ದಾರೆ. ಪ್ರೀತಿ ಇರಲಿ, ಪುರಾವೆಯೂ ಇರಲಿ.

ನಮ್ಮ ತೆರೆಯ ವೀರರು

ನಮ್ಮ ದೂರದರ್ಶನವೂ ಹಿಂದೆ ಬೀಳಲಿಲ್ಲ. 'ಸ್ಪೇಸ್ ಸಿಟಿ ಸಿಗ್ಮಾ', 1989ರ 'ಇಂದ್ರಧನುಷ್', 1998ರಲ್ಲಿ ಕೇತನ್ ಮೆಹ್ತಾ ನಿರ್ದೇಶನದ 'ಕ್ಯಾಪ್ಟನ್ ವ್ಯೋಮ್' ಬಂದವು. ಎಲ್ಲಕ್ಕಿಂತ ಹೆಚ್ಚು ಕಾಲ ನಡೆದು ಹಳ್ಳಿಹಳ್ಳಿಯ ಮಕ್ಕಳನ್ನು ಹಿಡಿದದ್ದು 1997ರಿಂದ 2005ರವರೆಗಿನ 'ಶಕ್ತಿಮಾನ್'. ಅದು ಅರ್ಧ ವಿಜ್ಞಾನದ ಮಾತು, ಅರ್ಧ ಪುರಾಣ. ಕೈ ಮೇಲೆತ್ತಿ ಗಿರಗಿರನೆ ತಿರುಗದ ಹುಡುಗ ಆಗ ಯಾವ ಓಣಿಯಲ್ಲೂ ಇರಲಿಲ್ಲ.

ಶಕ್ತಿಮಾನ್ ಬಂದು ಕಾಪಾಡುತ್ತಾನೆಂದು ನಂಬಿ ಮಕ್ಕಳು ಅಪಾಯ ತಂದುಕೊಂಡ ಸುದ್ದಿಗಳು ಆಗ ಪತ್ರಿಕೆಗಳಲ್ಲಿ ಬಂದವು. ಅಂಥ ಕೆಲವು ಸುದ್ದಿಗಳನ್ನು ಧಾರಾವಾಹಿಯವರು ಒಪ್ಪಲಿಲ್ಲ. ಆದರೂ ನಾಯಕ ನಟ ಮುಖೇಶ್ ಖನ್ನಾ ತೆರೆಯ ಮೇಲೆ ಬಂದು, ಹೀಗೆ ಮಾಡಬೇಡಿ, ಇದು ಕಥೆ ಎಂದು ಮಕ್ಕಳಿಗೆ ತಿಳಿಸಿ ಹೇಳಬೇಕಾಯಿತು. ಪಾಲಕರು ಗಮನಿಸಬೇಕಾದ ವಿಷಯ ಇದು. ಸಣ್ಣ ಮಗುವಿಗೆ ಕಥೆ ಎಲ್ಲಿ ಮುಗಿಯಿತು, ನಿಜ ಎಲ್ಲಿ ಆರಂಭವಾಯಿತು ಎಂದು ತಾನಾಗಿ ತಿಳಿಯುವುದಿಲ್ಲ. ಪಕ್ಕದಲ್ಲಿ ಕುಳಿತವರು ಹೇಳಬೇಕು.

ಹೇಳುವ ಬಗೆಯನ್ನೂ ದೂರದರ್ಶನವೇ ತೋರಿಸಿಕೊಟ್ಟಿತ್ತು. 1990ರ ದಶಕದ 'ಟರ್ನಿಂಗ್ ಪಾಯಿಂಟ್' ಕಾರ್ಯಕ್ರಮವನ್ನು ನಡೆಸಿಕೊಟ್ಟವರು ಧಾರವಾಡದಲ್ಲಿ ಗಣಿತ ಓದಿದ ನಮ್ಮ ಗಿರೀಶ ಕಾರ್ನಾಡರು. ಅದರಲ್ಲಿ ವಿಜ್ಞಾನಿ ಪ್ರೊ. ಯಶಪಾಲ್ ವೀಕ್ಷಕರು ಕೇಳಿದ ಪ್ರಶ್ನೆಗಳಿಗೆ ಉತ್ತರ ಕೊಡುತ್ತಿದ್ದರು. ಯಾವ ಪ್ರಶ್ನೆಯನ್ನೂ ಅವರು ಸಣ್ಣದೆಂದು ನೂಕಲಿಲ್ಲ. ಮನೆಯಲ್ಲಿ ಬೇಕಾದದ್ದು ಅದೇ ಗುಣ.

ಮೂರು ಪ್ರಶ್ನೆ, ಮೂರು ಲೆಕ್ಕ

ಎಂಟರಿಂದ ಹತ್ತನೇ ಇಯತ್ತೆಯ ಮಕ್ಕಳು ಇಂಥ ಯಾವುದೇ ಧಾರಾವಾಹಿ ನೋಡಿದ ಮೇಲೆ ಮಾಡಬಹುದಾದ ಮೂರು ಅಭ್ಯಾಸಗಳನ್ನು ಇಲ್ಲಿ ಕೊಡುತ್ತೇನೆ. ಖರ್ಚು ಏನೂ ಇಲ್ಲ. ಪೆನ್ಸಿಲು, ಹಾಳೆ ಸಾಕು.

ಮೊದಲನೆಯದು ಸದ್ದು. ಸ್ಟಾರ್ ಟ್ರೆಕ್‌ನ ಆರಂಭದಲ್ಲೇ ನೌಕೆ ತೆರೆಯ ಈ ಕಡೆಯಿಂದ ಆ ಕಡೆಗೆ 'ಝುಂಯ್' ಎಂದು ಹಾರುತ್ತದೆ. ಶಬ್ದ ಹರಿಯಲು ಗಾಳಿ, ನೀರು, ಕಬ್ಬಿಣ, ಹೀಗೆ ಏನಾದರೊಂದು ಮಾಧ್ಯಮ ಬೇಕು. ಗಾಜಿನ ಜಾಡಿಯೊಳಗೆ ವಿದ್ಯುತ್ ಗಂಟೆ ಇಟ್ಟು ಗಾಳಿ ತೆಗೆಯುತ್ತ ಹೋದರೆ ಗಂಟೆ ಅಲುಗಾಡುವುದು ಕಾಣುತ್ತದೆ, ಸದ್ದು ಕ್ಷೀಣಿಸುತ್ತದೆ. ಅಂತರಿಕ್ಷ ಹೆಚ್ಚುಕಡಿಮೆ ನಿರ್ವಾತ. ಅಲ್ಲಿ ಎಂಥ ಸ್ಫೋಟವಾದರೂ ದೂರದಲ್ಲಿರುವವರಿಗೆ ಮೌನವೇ. ಹಾಗಾದರೆ ನಿರ್ಮಾಪಕರು ಸದ್ದು ಯಾಕೆ ಹಾಕಿದರು? ಈ ಪ್ರಶ್ನೆಯನ್ನು ಮಕ್ಕಳ ನಡುವೆ ಬಿಡಿ, ಅರ್ಧ ಗಂಟೆ ಚರ್ಚೆ ನಡೆಯುತ್ತದೆ.

ಎರಡನೆಯದು ಮಾತಿನ ವೇಗ. ಕ್ಯಾಪ್ಟನ್ ಕರ್ಕ್ ಎಲ್ಲೋ ದೂರದ ನಕ್ಷತ್ರದ ಬಳಿಯಿಂದ ಹಿರಿಯ ಅಧಿಕಾರಿಯ ಜೊತೆ ಎದುರುಬದುರು ಕುಳಿತಂತೆ ಮಾತಾಡುತ್ತಾನೆ. ರೇಡಿಯೊ ಅಲೆಯ ವೇಗ ಬೆಳಕಿನ ವೇಗವೇ, ಸೆಕೆಂಡಿಗೆ 3 ಲಕ್ಷ ಕಿ.ಮೀ. ಕ್ಲಾರ್ಕ್ ಹೇಳಿದ ಭೂಸ್ಥಿರ ಉಪಗ್ರಹ 35,786 ಕಿ.ಮೀ. ಎತ್ತರದಲ್ಲಿದೆ. ಹೋಗಿ ಬರಲು ಸುಮಾರು ಕಾಲು ಸೆಕೆಂಡು. ಚಂದ್ರನವರೆಗೆ ಹೋಗಲು ಸುಮಾರು 1.3 ಸೆಕೆಂಡು. 2014ರ ಸೆಪ್ಟೆಂಬರ್ 24ರಂದು ನಮ್ಮ ಮಂಗಳಯಾನ ಮಂಗಳನ ಕಕ್ಷೆ ಸೇರಿದಾಗ ಅದು ಸುಮಾರು 22 ಕೋಟಿ ಕಿ.ಮೀ. ದೂರದಲ್ಲಿತ್ತು. ಭಾಗಿಸಿ ನೋಡಿ, 12 ನಿಮಿಷ ದಾಟುತ್ತದೆ. ಬೆಂಗಳೂರಿನ ವಿಜ್ಞಾನಿಗಳಿಗೆ ಸುದ್ದಿ ಮುಟ್ಟುವಷ್ಟರಲ್ಲಿ ಅಲ್ಲಿ ಆಗಬೇಕಾದದ್ದು ಆಗಿ 12 ನಿಮಿಷ ಕಳೆದಿರುತ್ತಿತ್ತು. ಆದ್ದರಿಂದಲೇ ನೌಕೆಗೆ ಮಾಡಬೇಕಾದ ಕೆಲಸವನ್ನು ಮೊದಲೇ ಹೇಳಿಕೊಟ್ಟಿರಬೇಕು. ಸಮೀಪದ ನಕ್ಷತ್ರ ಪ್ರಾಕ್ಸಿಮಾ 4.24 ಜ್ಯೋತಿರ್ವರ್ಷ ದೂರ. ಅಲ್ಲಿಗೆ 'ಹೇಗಿದ್ದೀರಿ' ಎಂದು ಕೇಳಿದರೆ 'ಆರಾಮ್ ಅದೀವಿ' ಎಂಬ ಉತ್ತರ ಎಂಟೂವರೆ ವರ್ಷಕ್ಕೆ ಬರುತ್ತದೆ! 1977ರಲ್ಲಿ ಹೊರಟ ವಾಯೇಜರ್-1 ಸೆಕೆಂಡಿಗೆ 17 ಕಿ.ಮೀ. ವೇಗದಲ್ಲಿ ಓಡುತ್ತಿದೆ. ಅದೇ ವೇಗದಲ್ಲಿ ಅಷ್ಟು ದೂರ ಹೋಗಲು ಸುಮಾರು 75 ಸಾವಿರ ವರ್ಷ ಬೇಕು.

ಮೂರನೆಯದು ಮನುಷ್ಯನನ್ನು ಮಾಯ ಮಾಡಿ ಬೇರೆಡೆ ಮೂಡಿಸುವ ಯಂತ್ರ. ವಾರವಾರ ನೌಕೆ ಗ್ರಹದ ಮೇಲೆ ಇಳಿಯುವುದನ್ನು ತೋರಿಸಲು ಹಣ ಸಾಲದ್ದರಿಂದ ಹೊಳೆದ ಉಪಾಯ ಅದು! ಈಗ ಲೆಕ್ಕ ಮಾಡಿ. 70 ಕಿಲೊ ತೂಕದ ದೇಹದಲ್ಲಿ ಸುಮಾರು 7ರ ಮುಂದೆ 27 ಸೊನ್ನೆ ಹಾಕಿದಷ್ಟು ಪರಮಾಣುಗಳಿವೆ. ಒಂದು ಯಂತ್ರ ಸೆಕೆಂಡಿಗೆ 100 ಕೋಟಿ ಪರಮಾಣುಗಳ ವಿವರ ಬರೆದುಕೊಳ್ಳುತ್ತದೆ ಎಂದುಕೊಳ್ಳೋಣ. ಒಬ್ಬನ ವಿವರ ಮುಗಿಸಲು ಸುಮಾರು 22 ಸಾವಿರ ಕೋಟಿ ವರ್ಷ ಬೇಕು. ವಿಶ್ವದ ವಯಸ್ಸೇ ಸುಮಾರು 1,380 ಕೋಟಿ ವರ್ಷ. ಘಾತಾಂಕಗಳ ಪಾಠವನ್ನು ಇದಕ್ಕಿಂತ ಚೆನ್ನಾಗಿ ಮಕ್ಕಳ ತಲೆಗೆ ಹಚ್ಚುವ ಉದಾಹರಣೆ ಸಿಗುವುದು ಕಷ್ಟ.

ಇವೆಲ್ಲ ಧಾರಾವಾಹಿಯ ಹುಳುಕು ಹುಡುಕುವ ಕೆಲಸ ಎಂದು ತಿಳಿಯಬೇಡಿ. ಹುಳುಕು ಹುಡುಕಲು ಹೋದವರಿಗೆ ಹೊಸ ದಾರಿಯೂ ಕಾಣುವುದುಂಟು. ಬೆಳಕಿಗಿಂತ ವೇಗವಾಗಿ ಓಡುವ 'ವಾರ್ಪ್' ಎಂಬ ಸ್ಟಾರ್ ಟ್ರೆಕ್ ಕಲ್ಪನೆಯನ್ನು ಮೆಕ್ಸಿಕೊದ ಭೌತವಿಜ್ಞಾನಿ ಮಿಗೆಲ್ ಆಲ್ಕುಬಿಯೆರೆ ಐನ್‌ಸ್ಟೈನರ ಸಮೀಕರಣಗಳಿಗೆ ಹಚ್ಚಿ ನೋಡಿದರು. ನೌಕೆ ಓಡುವ ಬದಲು ಅದರ ಮುಂದಿನ ಅವಕಾಶ ಕುಗ್ಗಿ ಹಿಂದಿನದು ಹಿಗ್ಗಿದರೆ? 1994ರಲ್ಲಿ ಪ್ರಕಟವಾದ ಅವರ ಪ್ರಬಂಧದ ಹೆಸರಿನಲ್ಲೇ 'ವಾರ್ಪ್' ಶಬ್ದ ಇದೆ. ಅದಕ್ಕೆ ಬೇಕಾದ ಋಣ ಶಕ್ತಿಯನ್ನು ಯಾರೂ ಕಂಡಿಲ್ಲ, ಅಂಥ ನೌಕೆಯನ್ನು ಯಾರೂ ಕಟ್ಟಿಲ್ಲ. ಆದರೆ ಗಣಿತ ಗಣಿತವೇ.

ಸ್ಪಾಕ್‌ನ ಊರು ಎಲ್ಲಿ?

ಸ್ಪಾಕ್ ಹುಟ್ಟಿದ್ದು ವಲ್ಕನ್ ಎಂಬ ಗ್ರಹದಲ್ಲಿ. ಅದರ ಸೂರ್ಯ ಯಾವುದು? ಅಭಿಮಾನಿಗಳ ನಡುವೆ ಬಹುಕಾಲ ಈ ವಾದ ನಡೆಯಿತು. ಎಪ್ಸಿಲಾನ್ ಎರಿಡಾನಿ ಎಂದು ಕೆಲವರು, 40 ಎರಿಡಾನಿ ಎಂದು ಕೆಲವರು. 1991ರಲ್ಲಿ ರಾಡನ್‌ಬೆರಿ ಮತ್ತು ಮೂವರು ಖಗೋಳವಿಜ್ಞಾನಿಗಳು ಸೇರಿ 'ಸ್ಕೈ ಅಂಡ್ ಟೆಲಿಸ್ಕೋಪ್' ಪತ್ರಿಕೆಗೆ ಪತ್ರ ಬರೆದು, 40 ಎರಿಡಾನಿಯೇ ಸರಿ ಎಂದರು. ಕಾರಣ ಸರಳ: ಮೊದಲನೆಯ ನಕ್ಷತ್ರದ ವಯಸ್ಸು ಸುಮಾರು 100 ಕೋಟಿ ವರ್ಷ, ಎರಡನೆಯದರದು ಸುಮಾರು 400 ಕೋಟಿ. ಬುದ್ಧಿಜೀವಿಗಳು ವಿಕಾಸಗೊಳ್ಳಲು ನಮ್ಮ ಭೂಮಿಯ ಮೇಲೆ ಹಿಡಿದ ಕಾಲ ನೋಡಿದರೆ 100 ಕೋಟಿ ವರ್ಷ ಸಾಲದು.

ಮುಂದೆ ನಡೆದದ್ದು ಇನ್ನೂ ಸ್ವಾರಸ್ಯ. 2018ರಲ್ಲಿ 40 ಎರಿಡಾನಿಯನ್ನು 42 ದಿನಕ್ಕೊಮ್ಮೆ ಸುತ್ತುವ ಗ್ರಹವೊಂದರ ಸುಳಿವು ಸಿಕ್ಕಿದೆ ಎಂದು ಪ್ರಕಟವಾಯಿತು. ಅಭಿಮಾನಿಗಳು ಕುಣಿದಾಡಿದರು. ಆದರೆ 2024ರಲ್ಲಿ ಹೆಚ್ಚು ಸೂಕ್ಷ್ಮವಾದ ಉಪಕರಣದಿಂದ ಅಳೆದಾಗ, ಆ ಸುಳಿವು ಗ್ರಹದ್ದಲ್ಲ, ಸುಮಾರು 42 ದಿನಕ್ಕೊಮ್ಮೆ ತನ್ನ ಸುತ್ತ ತಾನು ತಿರುಗುವ ನಕ್ಷತ್ರದ ಮೇಲ್ಮೈಯ ಚಟುವಟಿಕೆಯದೇ ಎಂದು ತಿಳಿಯಿತು. ಪ್ರೀತಿಯ ಗ್ರಹ ಕಳೆದುಹೋಯಿತು. ಅದನ್ನು ಒಪ್ಪಿಕೊಳ್ಳುವುದರಲ್ಲಿಯೇ ವಿಜ್ಞಾನದ ದೊಡ್ಡಸ್ತಿಕೆ ಇದೆ. ತರ್ಕವನ್ನೇ ಉಸಿರಾಡುವ ಸ್ಪಾಕ್ ಇದ್ದಿದ್ದರೆ ಹುಬ್ಬು ಒಂದಿಷ್ಟು ಮೇಲೆತ್ತಿ, ಸರಿ ಎನ್ನುತ್ತಿದ್ದ.

ಆ ನಕ್ಷತ್ರವನ್ನು ನಮ್ಮೂರಿನಿಂದಲೇ ನೋಡಬಹುದು. ಬನದ ಹುಣ್ಣಿಮೆ ಕಳೆದು ಒಂದು ವಾರವಾದ ಮೇಲೆ, ಸಂಜೆ ಎಂಟರ ಸುಮಾರಿಗೆ ಚಂದ್ರನಿರುವುದಿಲ್ಲ. ದೀಪಗಳಿಂದ ದೂರ, ಹೊಲದ ಕಡೆಗೆ ಹೋಗಿ. ಮೂರು ಚುಕ್ಕೆ ಸಾಲಾಗಿರುವ ಮಹಾವ್ಯಾಧನನ್ನು ಗುರುತಿಸಿ. ಅವನ ಕಾಲಿನ ಬಳಿ ಹೊಳೆಯುವ ನೀಲಿ ಬಿಳುಪಿನ ನಕ್ಷತ್ರ ರೀಗಲ್. ತೋಳು ಚಾಚಿ ಗೇಣು ಹಿಡಿಯಿರಿ. ರೀಗಲ್‌ನಿಂದ ಪಶ್ಚಿಮಕ್ಕೆ ಗೇಣಿಗಿಂತ ತುಸು ಕಡಿಮೆ ದೂರದಲ್ಲಿ ಒಂದು ಮಂಕು ಚುಕ್ಕೆ ಇದೆ. ಅದೇ 40 ಎರಿಡಾನಿ. ನಮ್ಮಿಂದ 16 ಜ್ಯೋತಿರ್ವರ್ಷಕ್ಕೆ ಸ್ವಲ್ಪ ಹೆಚ್ಚು ದೂರ. ಹತ್ತನೇ ಇಯತ್ತೆಯ ಹುಡುಗಿ ಅದನ್ನು ನೋಡಿದರೆ, ಅವಳ ಕಣ್ಣಿಗೆ ಬೀಳುವ ಬೆಳಕು ಹೆಚ್ಚುಕಡಿಮೆ ಅವಳು ಹುಟ್ಟಿದ ಹೊತ್ತಿಗೆ ಅಲ್ಲಿಂದ ಹೊರಟದ್ದು.

ಪಾಲಕರಿಗೆ ಒಂದು ಮಾತು

ಈಗ ಓಣಿಗೊಂದು ಟೀವಿಯ ಕಾಲ ಹೋಗಿ ಕೈಗೊಂದು ತೆರೆಯ ಕಾಲ ಬಂದಿದೆ. ಒಂದೇ ಮನೆಯಲ್ಲಿ ನಾಲ್ವರು ನಾಲ್ಕು ಕಥೆ ನೋಡುತ್ತಾರೆ. ಒಬ್ಬರದು ಇನ್ನೊಬ್ಬರಿಗೆ ಗೊತ್ತಿಲ್ಲ. ಕಂತು ಮುಗಿದ ಕ್ಷಣವೇ ಮುಂದಿನ ಕಂತು ತಾನಾಗಿ ಶುರುವಾಗುತ್ತದೆ. ನಡುವೆ ಯೋಚಿಸಲು ಒಂದು ವಾರದ ಮಾತಿರಲಿ, ಒಂದು ನಿಮಿಷವೂ ಉಳಿಯುವುದಿಲ್ಲ. ನಷ್ಟವಾಗುತ್ತಿರುವುದು ಕಣ್ಣಿನ ಆರೋಗ್ಯ, ಓದಿನ ವೇಳೆ ಎರಡೇ ಅಲ್ಲ. ಸೋಮವಾರದ ಆ ವಾದವೂ ನಷ್ಟವಾಗುತ್ತಿದೆ. ಪತ್ರ ಬರೆದವರು, ಧ್ವನಿ ಮುದ್ರಿಸಿದವರು, ನಕ್ಷತ್ರದ ವಯಸ್ಸು ಲೆಕ್ಕ ಹಾಕಿದವರು, ಎಲ್ಲರೂ ಆ ವಾದದಿಂದಲೇ ಬೆಳೆದವರು.

ಆದ್ದರಿಂದ ಮಕ್ಕಳ ಕೈಯಿಂದ ಮೊಬೈಲು ಕಸಿದುಕೊಳ್ಳುವ ಮೊದಲು ವಾರಕ್ಕೊಮ್ಮೆಯಾದರೂ ಅವರ ಪಕ್ಕದಲ್ಲಿ ಕುಳಿತು ಒಂದೇ ಕಂತು ನೋಡಿ. ಮುಗಿದ ಕೂಡಲೇ ಆರಿಸಿಬಿಡಿ. ಆಮೇಲೆ ಕೇಳಿ: ಇದರಲ್ಲಿ ಆಗುವಂಥದು ಯಾವುದು, ಆಗದ್ದು ಯಾವುದು, ನಮಗೆ ಗೊತ್ತಿಲ್ಲದ್ದು ಯಾವುದು? ಮೂರನೆಯ ಪಟ್ಟಿಯನ್ನು ಒಂದು ವಹಿಯಲ್ಲಿ ಬರೆಸಿ ಶಾಲೆಗೆ ಕಳಿಸಿ. ನಿಮಗೆ ವಿಜ್ಞಾನ ಬರುವುದಿಲ್ಲ ಎಂಬ ಅಳುಕು ಬೇಡ. ನೀವು ಉತ್ತರ ಹೇಳಬೇಕಿಲ್ಲ; ಪ್ರಶ್ನೆ ಕೇಳಿಸಿಕೊಂಡರೆ ಸಾಕು. ಉತ್ತರದ ಕೆಲಸ ನಮಗೆ, ಶಿಕ್ಷಕರಿಗೆ ಬಿಡಿ. ಅಂಥ ವಹಿ ಹಿಡಿದು ಬರುವ ಮಗುವಿಗಾಗಿ ಕಾಯುವ ಮಾಸ್ತರರು ಪ್ರತಿ ಊರಲ್ಲೂ ಇದ್ದಾರೆ.